ಜಾಣಕಿವುಡಿನ ಸವಾರಿ

ಬೆಳಗಿನ ಐದೂವರೆಗೆ ಸಿಕಂದರಾಬಾದಿನ ದಂಡು ಪ್ರದೇಶದಲ್ಲಿ, ತಿರುಮಲಗಿರಿಯಿಂದ ಬೊಲಾರಂ ಕಡೆಗೆ, ಮೂರು ಬಗೆಯ ಸೈಕಲ್ ಸವಾರರು ಸಿಗುತ್ತಾರೆ. ಮೊದಲನೆಯವನದು ಲಕ್ಷದ ಮೇಲೆ ಬೆಲೆಬಾಳುವ ಸೈಕಲ್. ತಲೆಗೆ ಹೆಲ್ಮೆಟ್, ಹಿಂದೆ ಮಿನುಗುವ ಕೆಂಪು ದೀಪ, ಎರಡೂ ಕಿವಿಗಳಲ್ಲಿ ಇಯರ್‌ಬಡ್. ಎರಡನೆಯವರು ಗುಂಪಿನಲ್ಲಿ ಬರುತ್ತಾರೆ. ಅವರಲ್ಲೊಬ್ಬ ನೀರಿನ ಬಾಟಲಿ ಇಡುವ ಜಾಗದಲ್ಲಿ ಬ್ಲೂಟೂತ್ ಸ್ಪೀಕರ್ ಸಿಕ್ಕಿಸಿಕೊಂಡಿರುತ್ತಾನೆ. ಗುಂಪು ಬರುವ ಮೊದಲು ಹಾಡು ಬರುತ್ತದೆ, ಗುಂಪು ಹೋದ ಮೇಲೂ ಬೀದಿನಾಯಿಗಳ ಬೊಗಳಾಟ ಉಳಿಯುತ್ತದೆ. ಮೂರನೆಯವನು ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ಕಾವಲುಗಾರ. ಕರಿಯ ಸೈಕಲ್, ಕ್ಯಾರಿಯರ್‌ನಲ್ಲಿ ಟಿಫಿನ್ ಡಬ್ಬಿ, ಅಂಗಿಯ ಮೇಲುಜೇಬಿನಲ್ಲಿ ಫೋನು. ಫೋನಿನಲ್ಲಿ ಯಾವುದೋ ಹಳೆಯ ಹಿಂದಿ ಹಾಡು, ಅವನಿಗೆ ಮಾತ್ರ ಕೇಳಿಸುವಷ್ಟು.

ಮೂವರೂ ಹಾಡು ಕೇಳುತ್ತಿದ್ದಾರೆ. ಮೂವರಲ್ಲಿ ರಸ್ತೆಯ ರೀತಿ ಗೊತ್ತಿರುವವನು ಮೂರನೆಯವನೊಬ್ಬನೇ. ಸೈಕಲ್ಲಿಗರ ಕೂಟಗಳಲ್ಲಿ ಸುರಕ್ಷತೆಯ ಮಾತು ಬಂದಾಗ ಯಾರೂ ಅವನನ್ನು ಕರೆದು ಕೇಳುವುದಿಲ್ಲ ಎಂಬುದು ಬೇರೆ ಮಾತು.

ಸೈಕಲ್ ತುಳಿಯುತ್ತ ಹಾಡು ಕೇಳಬಹುದೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಎರಡು ಪಕ್ಷಗಳು ಎದುರುಬದುರು ನಿಲ್ಲುತ್ತವೆ. ಒಂದು ಬೈಯುವ ಪಕ್ಷ: ಕಿವಿಗೆ ವೈರು ಸಿಕ್ಕಿಸಿಕೊಂಡವರು ಸಾಯಲೆಂದೇ ಹೊರಟವರು. ಇನ್ನೊಂದು ಹಕ್ಕಿನ ಪಕ್ಷ: ಕಿವಿ ನನ್ನದು, ಹಾಡು ನನ್ನದು, ಅಪಾಯವೂ ನನ್ನದೇ, ನಿಮಗೇನು? ಎರಡೂ ಪಕ್ಷಗಳು ತಪ್ಪು. ಆದರೆ ಒಂದೇ ಬಗೆಯ ತಪ್ಪಲ್ಲ, ಆದ್ದರಿಂದ ಒಂದೊಂದಾಗಿ ನೋಡಬೇಕು.

ಮೊದಲು ಬೈಯುವ ಪಕ್ಷ. ಸೈಕಲ್ಲಿಗನೊಬ್ಬ ರಸ್ತೆಯಲ್ಲಿ ಬಿದ್ದನೆಂದರೆ ಸುತ್ತ ಸೇರಿದ ಜನ ಕೇಳುವ ಮೊದಲ ಪ್ರಶ್ನೆಗಳಲ್ಲೊಂದು, ‘ಕಿವಿಯಲ್ಲಿ ಏನಿತ್ತು?’ ಗುದ್ದಿದ ವಾಹನ ಎಷ್ಟು ವೇಗದಲ್ಲಿತ್ತು ಎಂಬುದು ಆಮೇಲಿನ ಪ್ರಶ್ನೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಸುಮಾರು ಐದರಲ್ಲೊಬ್ಬರು ನಡೆದುಹೋಗುತ್ತಿದ್ದವರು. ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚಿನವಕ್ಕೆ ಆ ವರದಿ ಕೊಡುವ ಕಾರಣ ಅತಿವೇಗ. ಇಷ್ಟು ಜನರನ್ನು ಕೊಂದದ್ದು ಹಾಡಲ್ಲ. ಕೊಂದವರ ಕಾರುಗಳಲ್ಲಿ ಕಿಟಕಿಯ ಗಾಜು ಏರಿತ್ತೋ, ಏಸಿ ಓಡುತ್ತಿತ್ತೋ, ನಾಲ್ಕು ಬಾಗಿಲಿನ ನಾಲ್ಕು ಸ್ಪೀಕರ್ ಹಾಡುತ್ತಿದ್ದವೋ ಎಂದು ಯಾವ ಪಂಚನಾಮೆಯೂ ಬರೆಯುವುದಿಲ್ಲ. ಗಾಜು ಏರಿಸಿ ಹಾಡು ಕೇಳುವವನು ಸಭ್ಯ ಚಾಲಕ, ಗಾಳಿಗೆ ಮುಖವೊಡ್ಡಿ ಹಾಡು ಕೇಳುವವನು ಬೇಜವಾಬ್ದಾರಿ ಎಂಬ ತೀರ್ಪಿನಲ್ಲಿ ನ್ಯಾಯಕ್ಕಿಂತ ಕಾರಿನ ಬೆಲೆಯೇ ಹೆಚ್ಚು ಕಾಣುತ್ತದೆ.

ಈ ಬೈಗುಳಕ್ಕೆ ಹಣದ ಲೆಕ್ಕವೂ ಇದೆ. ಮೋಟಾರು ಅಪಘಾತ ಪರಿಹಾರದ ಮೊಕದ್ದಮೆಗಳಲ್ಲಿ ವಿಮೆಯ ಪರ ವಕೀಲರು ಮಾಡುವ ಮಾಮೂಲಿ ವಾದವೊಂದಿದೆ: ಗಾಯಗೊಂಡವನ ನಿರ್ಲಕ್ಷ್ಯವೂ ಇದರಲ್ಲಿ ಸೇರಿದೆ, ಆದ್ದರಿಂದ ಪರಿಹಾರವನ್ನು ಅಷ್ಟರಮಟ್ಟಿಗೆ ಕಡಿತ ಮಾಡಬೇಕು. ‘ಹಾರ್ನ್ ಹೊಡೆದೆ, ಅವನೇ ಕೇಳಿಸಿಕೊಳ್ಳಲಿಲ್ಲ’ ಎಂಬ ಚಾಲಕನ ಮಾತಿಗೆ ಜನ ತಲೆಯಾಡಿಸಿಬಿಟ್ಟರೆ, ಆ ತಲೆಯಾಡಿಸುವಿಕೆಗೆ ಒಂದು ಮನೆ ತೆರಬೇಕಾದ ಬೆಲೆ ಇರುತ್ತದೆ. ಹಾರ್ನ್ ಎಂದರೆ ಎಚ್ಚರಿಕೆ. ‘ನಾನು ಹೇಳಿಯಾಯಿತು, ಇನ್ನು ನಾನು ನಿಲ್ಲಬೇಕಿಲ್ಲ’ ಎಂಬ ಪರವಾನಗಿ ಅಲ್ಲ. ಮುಂದೆ ಹೋಗುತ್ತಿರುವವನು ಹುಟ್ಟುಕಿವುಡನಿರಬಹುದು, ಮುಪ್ಪಿನಿಂದ ಕಿವಿ ಮಂದವಾಗಿರಬಹುದು. ಕೇಳಿಸಿತೋ ಇಲ್ಲವೋ ತಿಳಿಯದೆ ಹತ್ತಿರ ನುಗ್ಗುವವನದೇ ತಪ್ಪು.

ಇಷ್ಟು ಹೇಳಿದರೆ ಹಕ್ಕಿನ ಪಕ್ಷದವರು ಚಪ್ಪಾಳೆ ತಟ್ಟುತ್ತಾರೆ. ತಟ್ಟುವುದು ಬೇಡ. ಮುಂದಿನ ಮಾತು ಅವರಿಗೇ.

ಕಾರಿನವನು ಕೇಳಬಹುದಾದರೆ ನಾನೇಕೆ ಕೇಳಬಾರದು ಎಂಬುದು ಅವರ ಮೊದಲ ವಾದ. ಕಾರಿಗೆ ಮೂರು ಕನ್ನಡಿಗಳಿವೆ. ಬಹುಪಾಲು ಸೈಕಲ್ಲುಗಳಿಗೆ ಒಂದೂ ಇಲ್ಲ. ಸೈಕಲ್ಲಿಗನಿಗೆ ಬೆನ್ನ ಹಿಂದಿನ ಕನ್ನಡಿ ಎಂದರೆ ಅವನ ಕಿವಿಯೇ. ಲೆಕ್ಕ ಹಾಕಿ ನೋಡಬಹುದು. ಕಾರ್ಖಾನಾ ಹಾದಿಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವವನ ಹಿಂದೆ 40 ಮೀಟರ್ ದೂರದಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದ ಬಸ್ಸು ಇದೆ ಎಂದುಕೊಳ್ಳಿ. ಅದು ಅವನನ್ನು ಮುಟ್ಟಲು ಬೇಕಾದ ಹೊತ್ತು ಐದು ಸೆಕೆಂಡಿಗೂ ಕಡಿಮೆ. ಮುಂದಿನ ಗುಂಡಿ ತಪ್ಪಿಸಲು ಬಲಕ್ಕೆ ವಾಲಬೇಕೋ ಬೇಡವೋ ಎಂದು ನಿರ್ಧರಿಸಲು ಅವನಿಗಿರುವುದು ಆ ಐದು ಸೆಕೆಂಡು, ಅದನ್ನು ಕೊಡುವುದು ಕಿವಿ. ಎಂಜಿನ್ನಿನ ಗುಡುಗಿಲ್ಲದ ವಿದ್ಯುತ್ ಬಸ್ಸು, ವಿದ್ಯುತ್ ಆಟೋ, ವಿದ್ಯುತ್ ಸ್ಕೂಟರುಗಳು ಬಂದ ಮೇಲಂತೂ ಕೇಳಿಸುವುದು ಟೈರಿನ ಸದ್ದು ಮಾತ್ರ. ಕೇಳಬೇಕಾದ ಸದ್ದು ಸಣ್ಣದಾಗುತ್ತಿರುವ ಕಾಲದಲ್ಲೇ ಕಿವಿಗೆ ಬಿರಡೆ ಹಾಕುವ ಸಾಧನ ಚೆನ್ನಾಗುತ್ತ ಬಂದಿದೆ.

ಎರಡನೆಯ ವಾದ ರಾಜಿಯ ವಾದ: ಒಂದೇ ಕಿವಿಗೆ ಹಾಕಿಕೊಳ್ಳುತ್ತೇನೆ, ಇನ್ನೊಂದು ತೆರೆದಿರುತ್ತದಲ್ಲ? ಅಮೆರಿಕದ ಕ್ಯಾಲಿಫೋರ್ನಿಯಾದ ಕಾನೂನೂ ಎರಡೂ ಕಿವಿ ಮುಚ್ಚುವುದನ್ನಷ್ಟೇ ತಡೆಯುತ್ತದೆ. ಕೇಳಲು ಹಿತವಾಗಿರುವ ಈ ರಾಜಿ ಕಿವಿಯ ಕೆಲಸದ ಅರ್ಧವನ್ನು ಮರೆತಿದೆ. ಸದ್ದು ಇದೆ ಎಂದು ತಿಳಿಯಲು ಒಂದು ಕಿವಿ ಸಾಕು. ಸದ್ದು ಎಲ್ಲಿಂದ ಎಂದು ತಿಳಿಯಲು ಎರಡು ಬೇಕು. ಬಲಗಡೆಯ ಸದ್ದು ಬಲಗಿವಿಯನ್ನು ಸೆಕೆಂಡಿನ ಸಾವಿರದೊಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ ಮೊದಲು ಮುಟ್ಟುತ್ತದೆ, ಒಂದಿಷ್ಟು ಜೋರಾಗಿಯೂ ಮುಟ್ಟುತ್ತದೆ. ಮಿದುಳು ಆ ಅಂತರವನ್ನೇ ಓದಿ ದಿಕ್ಕು ಹೇಳುತ್ತದೆ. ಸದ್ದು ಮುಂದಿನದೋ ಹಿಂದಿನದೋ ಎಂದು ಹೇಳುವುದರಲ್ಲಿ ಹೊರಗಿವಿಯ ಮಡಿಕೆಗಳ ಪಾಲು ದೊಡ್ಡದು. ಇಯರ್‌ಬಡ್ ಕೂರುವುದು ಆ ಮಡಿಕೆಗಳ ನಡುವೆಯೇ. ಆದ್ದರಿಂದ ಒಂದು ಕಿವಿ ಮುಚ್ಚಿದ ಸವಾರನಿಗೆ ಹಾರ್ನ್ ಕೇಳಿಸುತ್ತದೆ, ಬೆಚ್ಚುತ್ತಾನೆ, ಯಾವ ಕಡೆ ಸರಿಯಬೇಕೆಂದು ತಿಳಿಯದೆ ಒಂದು ಕ್ಷಣ ಹೊಯ್ದಾಡುತ್ತಾನೆ. ಪ್ಯಾಟ್ನಿ ವೃತ್ತದಂಥ ಕಡೆ ಬಸ್ಸು, ಆಟೋ, ಬೈಕು ನಾಲ್ಕೂ ದಿಕ್ಕಿನಿಂದ ಕೂಗುವಾಗ ಆ ಹೊಯ್ದಾಟಕ್ಕೆ ಜಾಗವಿಲ್ಲ.

ಹೊರಗಿನ ಸದ್ದನ್ನು ಅಳಿಸುವ ಸಾಧನಗಳ ವಿಷಯ ಹೇಳುವುದೇ ಬೇಡ. ವಿಮಾನದಲ್ಲಿ ಕುಳಿತವರಿಗೆಂದು ಮಾಡಿದ ಅನುಕೂಲ ಅದು. ರಸ್ತೆಯಲ್ಲಿ ಅದನ್ನು ಹಾಕಿಕೊಳ್ಳುವವನು ಎದುರಿನ ಕನ್ನಡಿಗೆ ತಾನೇ ಮಸಿ ಬಳಿದಂತೆ. ‘ಹೊರಗಿನ ಸದ್ದನ್ನು ಒಳಬಿಡುವ ಗುಂಡಿ ಒತ್ತಿದ್ದೇನೆ’ ಎನ್ನುವವರಿಗೆ ಗಾಳಿಯ ನೆನಪು ಮಾಡಬೇಕು. ಸೈಕಲ್ ವೇಗ ಹೆಚ್ಚಿದಷ್ಟೂ ಕಿವಿಯ ಬಳಿ ಗಾಳಿಯ ಮೊರೆತ ಹೆಚ್ಚುತ್ತದೆ, ಸಾಧನದ ಮೈಕಿಗೆ ಮೊದಲು ಸಿಗುವುದು ಅದೇ. ಮೊರೆತವನ್ನು ಮೀರಿಸಲು ಸವಾರ ಹಾಡಿನ ಸದ್ದು ಏರಿಸುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿಕೊಟ್ಟಿರುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್‌ಗೆ. ಸದ್ದು ಏರಿದಂತೆ ಗಂಟೆಗಳು ಬೇಗನೆ ಇಳಿಯುತ್ತವೆ. ಆರೋಗ್ಯಕ್ಕೆಂದು ಸೈಕಲ್ ಹತ್ತಿದವನು ಕಿವಿಯ ಆರೋಗ್ಯ ಕಳೆದುಕೊಂಡು ಇಳಿಯುವುದು ಎಂಥ ವ್ಯಾಪಾರ?

ಮೂರನೆಯ ವಾದ ಎಲ್ಲಕ್ಕಿಂತ ಗಟ್ಟಿ, ಆದ್ದರಿಂದ ಅದಕ್ಕೆ ಸರಿಯಾದ ಉತ್ತರ ಕೊಡಬೇಕು: ಕಿವಿ ಕೇಳಿಸದವರೂ ಸೈಕಲ್ ಓಡಿಸುತ್ತಾರಲ್ಲ, ಅವರನ್ನು ಯಾರೂ ತಡೆಯುವುದಿಲ್ಲವಲ್ಲ? ನಿಜ, ಓಡಿಸುತ್ತಾರೆ, ತಡೆಯಲೂಬಾರದು. ಆದರೆ ಹುಟ್ಟಿನಿಂದಲೋ ಬಹುಕಾಲದಿಂದಲೋ ಕೇಳಿಸದವರು ಕಣ್ಣನ್ನು ಕಿವಿಯ ಕೆಲಸಕ್ಕೂ ಪಳಗಿಸಿಕೊಂಡಿರುತ್ತಾರೆ. ಕನ್ನಡಿ ಕಟ್ಟುತ್ತಾರೆ, ಹೆಗಲ ಮೇಲಿಂದ ಹಿಂದೆ ನೋಡುತ್ತಾರೆ, ನೆರಳು ನೋಡುತ್ತಾರೆ, ಎದುರು ಬರುವವರ ಮುಖ ನೋಡುತ್ತಾರೆ. ಇಯರ್‌ಬಡ್‌ನವನು ಒಂದು ಗಂಟೆಯ ಮಟ್ಟಿಗೆ ಕೇಳಿಸದಿರುವುದನ್ನು ಪಡೆದುಕೊಳ್ಳುತ್ತಾನೆ. ಆ ಪಳಗಿಕೆಯನ್ನು ಪಡೆದುಕೊಳ್ಳುವುದಿಲ್ಲ. ಕನ್ನಡಕ್ಕೆ ಈ ವ್ಯತ್ಯಾಸ ಹಿಂದಿನಿಂದಲೂ ಗೊತ್ತು. ಕಿವುಡು ಬೇರೆ, ಜಾಣಕಿವುಡು ಬೇರೆ. ಒಂದು ದೇಹದ ಸ್ಥಿತಿ, ಇನ್ನೊಂದು ನಡತೆ. ನಡತೆಯನ್ನು ಪ್ರಶ್ನಿಸಿದಾಗ ದೇಹದ ಸ್ಥಿತಿಯ ಹಿಂದೆ ಅಡಗುವುದು ಕಿವುಡರಿಗೆ ಮಾಡುವ ಅವಮಾನ.

ಇಲ್ಲಿಯವರೆಗಿನದು ಸವಾರನ ಜೀವದ ಮಾತು. ಅಪಾಯ ನನ್ನದೇ ತಾನೇ ಎಂಬ ಹಟ ಇನ್ನೂ ಉಳಿದಿದೆ. ಆ ಹಟವೇ ದೊಡ್ಡ ಸುಳ್ಳು.

ರಸ್ತೆ ಎಂದರೆ ಎಡೆಬಿಡದೆ ಮಾತು ನಡೆಯುವ ಜಾಗ. ಸಿಕಂದರಾಬಾದಿನಲ್ಲಿ ಆ ಮಾತು ನಾಲ್ಕು ಭಾಷೆಗಳಲ್ಲಿ ನಡೆಯುತ್ತದೆ. ಲಾರಿಯನ್ನು ಹಿಂದಕ್ಕೆ ಬಿಡಿಸುವ ಕ್ಲೀನರ್ ‘ರಾನೀ, ರಾನೀ’ ಎನ್ನುತ್ತಾನೆ; ರಾಯಚೂರಿನಿಂದ ಬಂದವನಾದರೆ ‘ಬರ್ಲಿ, ಬರ್ಲಿ’. ತಳ್ಳುಗಾಡಿಯವನು ದಖನಿಯಲ್ಲಿ ‘ಹಲ್ಲೂ ಭಾಯ್’ ಎಂದು ನಿಧಾನಿಸಲು ಕೇಳುತ್ತಾನೆ. ಕಂಡಕ್ಟರ್ ‘ರೈಟ್ ರೈಟ್’ ಎನ್ನುತ್ತಾನೆ. ಹಾರ್ನಿಗೂ ವ್ಯಾಕರಣವಿದೆ. ಒಂದು ಚಿಕ್ಕ ‘ಪೀಂ’ ಎಂದರೆ ‘ಪಕ್ಕದಲ್ಲಿದ್ದೇನೆ’. ಎರಡು ಎಂದರೆ ‘ದಾಟಿ ಹೋಗುತ್ತೇನೆ’. ಬಿಡದೆ ಒತ್ತಿದರೆ ಅದು ಬೈಗುಳ. ಸೈಕಲ್ಲಿನ ಗಂಟೆ ಈ ಭಾಷೆಗಳಲ್ಲೆಲ್ಲ ಅತ್ಯಂತ ಸಭ್ಯವಾದದ್ದು, ದುಬಾರಿ ಸೈಕಲ್ಲಿಗರು ಗ್ರಾಮ್ ಲೆಕ್ಕದಲ್ಲಿ ತೂಕ ಉಳಿಸಲು ಮೊದಲು ಕಿತ್ತೊಗೆಯುವುದೂ ಅದನ್ನೇ. ಪಥವಿಲ್ಲದ, ಗೆರೆಯಿಲ್ಲದ, ಫುಟ್‌ಪಾತಿನ ಮೇಲೆ ಬೈಕು ನಿಂತಿರುವ ಊರಿನಲ್ಲಿ ಯಾರು ಮೊದಲು, ಯಾರು ಆಮೇಲೆ ಎಂಬುದು ತೀರ್ಮಾನವಾಗುವುದು ಈ ಕೂಗಾಟದಲ್ಲೇ. ಅದು ಚಂದದ ವ್ಯವಸ್ಥೆ ಅಲ್ಲ. ಆದರೆ ಇರುವ ವ್ಯವಸ್ಥೆ ಅದು.

ಆ ಮಾತುಕತೆಯಲ್ಲಿ ಕಿವಿ ಮುಚ್ಚಿಕೊಂಡು ಬರುವವನು ‘ನನ್ನೊಡನೆ ಯಾರೂ ಮಾತಾಡಬೇಡಿ, ನೀವೇ ದಾರಿ ಬಿಡಿ’ ಎನ್ನುತ್ತಿದ್ದಾನೆ. ಕಾರಿನವನಿಗೆ ಅದನ್ನು ಹೇಳಿದರೆ ಪೆಟ್ಟು ಸವಾರನಿಗೇ. ನಡೆದುಹೋಗುವವರಿಗೆ ಹೇಳಿದರೆ ಪೆಟ್ಟು ಅವರಿಗೆ. ಮಾರೇಡುಪಲ್ಲಿಯ ಮರಗಳ ಕೆಳಗೆ ಬೆಳಗಿನ ನಡಿಗೆಗೆ ಬರುವ ಮುದುಕಿ, ಹಾಲಿನ ಪ್ಯಾಕೆಟ್ ತರಲು ರಸ್ತೆ ದಾಟುವ ಹುಡುಗ, ಪೊರಕೆ ಹಿಡಿದು ಬಗ್ಗಿರುವ ಪೌರಕಾರ್ಮಿಕ ಮಹಿಳೆ, ಇವರಿಗೆ ಕಿರುಚುವುದೊಂದೇ ಹಾರ್ನ್. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ಸೈಕಲ್ ಮುದುಕಿಯ ಸೊಂಟದ ಮೂಳೆ ಮುರಿಯಬಲ್ಲದು; ಆ ವಯಸ್ಸಿನಲ್ಲಿ ಸೊಂಟ ಮುರಿದವರು ಎಲ್ಲರೂ ಎದ್ದು ನಡೆಯುವುದಿಲ್ಲ. ದಂಡು ಪ್ರದೇಶದಲ್ಲಿ ಇನ್ನೊಂದು ವಿಚಾರವೂ ಇದೆ: ಸೇನೆಯ ಗೇಟಿನಲ್ಲಿ ನಿಂತ ಕಾವಲು ಯೋಧ ‘ನಿಲ್ಲು’ ಎಂದರೆ ನಿಲ್ಲಬೇಕು. ಕೂಗಿದ್ದು ಕೇಳಲಿಲ್ಲ, ಒಳ್ಳೆಯ ಹಾಡು ಬರುತ್ತಿತ್ತು ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಅಲ್ಲಿ ನಿಲ್ಲುವ ಸವಾರ ಮುದುಕಿಯ ಕೂಗಿಗೂ ನಿಲ್ಲಬೇಕಲ್ಲವೇ? ಬಂದೂಕಿಗೊಂದು ಕಿವಿ, ಮುಪ್ಪಿಗೊಂದು ಕಿವಿ ಇರಬಾರದು.

ಇನ್ನು ಸ್ಪೀಕರ್ ಗುಂಪು. ‘ನಾವು ಕಿವಿ ಮುಚ್ಚಿಲ್ಲ, ಸುರಕ್ಷಿತವಾಗಿದ್ದೇವೆ’ ಎಂಬುದು ಇವರ ಹೆಮ್ಮೆ. ತಮ್ಮ ಕಿವಿಯನ್ನು ತೆರೆದಿಟ್ಟುಕೊಳ್ಳಲು ಊರಿನ ಕಿವಿಯನ್ನು ಬಾಡಿಗೆ ಕೊಡದೆ ಬಳಸಿಕೊಂಡ ಹೆಮ್ಮೆ ಇದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಆ ಹೊತ್ತಿನಲ್ಲಿ ವಸತಿ ಪ್ರದೇಶದ ಮಿತಿ 45 ಡೆಸಿಬೆಲ್. ಮುಚ್ಚಿದ ಜಾಗದ ಹೊರಗೆ ಸದ್ದು ಹೆಚ್ಚಿಸುವ ಸಾಧನ ಬಳಸುವುದು ನಿಷಿದ್ಧ. ಐದೂವರೆಗೆ ಸೈನಿಕಪುರಿಯ ಬೀದಿಯಲ್ಲಿ ಹಾಡು ಹಾಕಿಕೊಂಡು ಹೋಗುವ ಗುಂಪು, ಮದುವೆ ಮೆರವಣಿಗೆಯ ಡಿಜೆಯನ್ನು ಬೈಯುವ ಹಕ್ಕನ್ನು ಅಂದೇ ಕಳೆದುಕೊಂಡಿದೆ. ಹಾಡು ಇಳೆಯರಾಜರದಾಗಲಿ, ಸುಪ್ರಭಾತವಾಗಲಿ, ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಕಣ್ಣು ಮುಚ್ಚಿದ ನರ್ಸಿಗೆ ಅದು ಗದ್ದಲವೇ.

ಹಾಗಾದರೆ ಕಾನೂನು ಬರಲಿ ಎನ್ನಬೇಕೇ? ಬೇರೆ ದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಫ್ರಾನ್ಸ್ 2015ರ ಜುಲೈ 1ರಿಂದ ಕಾರಿನವರ ಜೊತೆಗೆ ಸೈಕಲ್ಲಿಗರಿಗೂ ಇಯರ್‌ಫೋನ್ ನಿಷೇಧಿಸಿತು. ದಂಡ 135 ಯೂರೋ. ಜರ್ಮನಿ ಸಾಧನವನ್ನು ನಿಷೇಧಿಸದೆ, ವಾಹನ ನಡೆಸುವವನ ನೋಟಕ್ಕೂ ಕೇಳ್ಮೆಗೂ ಅಡ್ಡಿಯಾಗಬಾರದು ಎಂಬ ಹೊಣೆಯನ್ನು ಸೈಕಲ್ಲಿಗನ ಮೇಲೂ ಹೊರಿಸಿತು. ನೆದರ್ಲೆಂಡ್ಸ್ 2019ರ ಜುಲೈನಿಂದ ಸೈಕಲ್ ಮೇಲೆ ಫೋನ್ ಕೈಯಲ್ಲಿ ಹಿಡಿಯುವುದನ್ನು ತಡೆಯಿತು, ಹಾಡು ಕೇಳುವುದನ್ನು ಬಿಟ್ಟಿತು. ಅಲ್ಲಿ ಸೈಕಲ್ಲಿಗೆ ತನ್ನದೇ ಹಾದಿಯಿದೆ, ಆದ್ದರಿಂದ ಆ ಉದಾರತೆ ಅದಕ್ಕೆ ಒಪ್ಪುತ್ತದೆ. ಭಾರತದ 1988ರ ಮೋಟಾರು ವಾಹನ ಕಾಯ್ದೆಯ ಕಣ್ಣಿಗೆ ಸೈಕಲ್ ಮೋಟಾರು ವಾಹನವೇ ಅಲ್ಲ.

ಆ ಖಾಲಿ ಜಾಗವನ್ನು ದಂಡದಿಂದ ತುಂಬಿದರೆ ಸಿಕ್ಕಿಬೀಳುವವರು ಯಾರೆಂದು ಊಹಿಸುವುದು ಕಷ್ಟವಲ್ಲ. ಮೈಸೂರಿನಂಥ ಊರುಗಳಲ್ಲಿ ಸೈಕಲ್ಲಿಗೂ ನಗರಸಭೆಯ ಬಿಲ್ಲೆ ಬೇಕಿದ್ದ ಕಾಲವನ್ನು ಹಿರಿಯರು ಮರೆತಿಲ್ಲ. ದೀಪವಿಲ್ಲ, ಡಬಲ್ ರೈಡ್ ಎಂದು ಮೂಲೆಯಲ್ಲಿ ನಿಂತ ಪೊಲೀಸಪ್ಪ ಹಿಡಿಯುತ್ತಿದ್ದದ್ದು ಗಿರಣಿ ಕೆಲಸದವನನ್ನು, ವಿದ್ಯಾರ್ಥಿಯನ್ನು. ಇಂದು ಕಾನೂನು ಬಂದರೂ ಚಲನ್ ಬೀಳುವುದು ಲಕ್ಷದ ಸೈಕಲ್ಲಿನವನಿಗಲ್ಲ, ಟಿಫಿನ್ ಡಬ್ಬಿಯವನಿಗೆ. ಆದ್ದರಿಂದ ಇದು ಕಾನೂನಿಗಿಂತ ಮೊದಲು ಸೈಕಲ್ಲಿಗರೇ ತಮ್ಮಲ್ಲಿ ಕಟ್ಟಿಕೊಳ್ಳಬೇಕಾದ ರೀತಿ. ಹೆಲ್ಮೆಟ್ ಇಲ್ಲದವರನ್ನು ಭಾನುವಾರದ ಸವಾರಿಗೆ ಸೇರಿಸಿಕೊಳ್ಳದ ಗುಂಪು, ಕಿವಿ ಮುಚ್ಚಿದವರನ್ನೂ ಸ್ಪೀಕರ್ ತಂದವರನ್ನೂ ಸೇರಿಸಿಕೊಳ್ಳದಿರಲು ಯಾವ ಕಾಯ್ದೆಯೂ ಬೇಕಿಲ್ಲ.

ರೀತಿ ಏನು ಎಂದರೆ, ಕಾವಲುಗಾರನ ಮೇಲುಜೇಬಿನಲ್ಲಿದೆ. ಎರಡೂ ಕಿವಿ ಬಯಲಾಗಿರಬೇಕು. ಹಾಡು ರಸ್ತೆಯ ಸದ್ದಿನ ಕೆಳಗಿರಬೇಕು, ಮೇಲಲ್ಲ. ಪಕ್ಕದಲ್ಲಿ ಒಬ್ಬ ನಡೆದುಹೋದರೆ ಅವನಿಗೆ ಪದ ತಿಳಿಯಬಾರದು. ಮೂಳೆಯ ಮೂಲಕ ಸದ್ದು ಮುಟ್ಟಿಸುವ, ಕಿವಿಯ ತೂತನ್ನು ಬಿಡುವ ಸಾಧನಗಳೂ ಈ ಮಾತಿಗೆ ಒಳಪಟ್ಟರೆ ಸರಿ. ಮನೆಗಳಿರುವ ಬೀದಿ ಬಂದರೆ, ವೃತ್ತ ಬಂದರೆ, ಜನ ಸೇರಿದ ಕಡೆ ಬಂದರೆ ಅದೂ ಬಂದ್. ಹ್ಯಾಂಡಲಿನ ಮೇಲೆ ಗಂಟೆ ಇರಬೇಕು. ಮನಸ್ಸೆಲ್ಲ ಹಾಡಿನಲ್ಲಿ ಮುಳುಗಬೇಕು ಎನ್ನಿಸಿದ ದಿನ ಸೈಕಲ್ ಬಿಟ್ಟು ಕುರ್ಚಿ ಹಿಡಿಯಬೇಕು; ಒಳ್ಳೆಯ ಹಾಡಿಗೂ ಅದೇ ಮರ್ಯಾದೆ.

ಸವಾರ ತನ್ನ ಪಾಲು ಕೊಟ್ಟ ಮೇಲೆ ಊರು ತನ್ನ ಪಾಲು ಕೊಡಬೇಕು. 2023ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಹೊರವರ್ತುಲ ರಸ್ತೆಯ ಪಕ್ಕ ಸೌರಫಲಕಗಳ ಚಾವಣಿ ಹೊದಿಸಿದ 23 ಕಿಲೋಮೀಟರ್ ಸೈಕಲ್ ಹಾದಿ ತೆರೆಯಿತು. ಒಳ್ಳೆಯ ಹಾದಿ, ಆದರೆ ಅದಿರುವುದು ನಾನಕ್‌ರಾಮ್‌ಗುಡ, ನಾರ್ಸಿಂಗಿ, ಕೊಲ್ಲೂರಿನ ಕಡೆ, ಐಟಿ ಕಚೇರಿಗಳ ಪಡುವಣದಲ್ಲಿ. ಬೊಲಾರಂನವನು ಅಲ್ಲಿ ಸೈಕಲ್ ತುಳಿಯಬೇಕೆಂದರೆ ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಊರು ದಾಟಬೇಕು. ಕಾವಲುಗಾರನ ಬಳಿ ಕಟ್ಟಲು ಕಾರಿಲ್ಲ. ದಂಡು ಪ್ರದೇಶದ ಮೇಲೆ ಹಾದುಹೋಗುವ ಎರಡು ಎತ್ತರದ ರಸ್ತೆಗಳಿಗೆ 2024ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ಮೇಲೆ ಕಾರುಗಳು ಹೋಗುವುದಾದರೆ ಕೆಳಗೆ ಉಳಿಯುವ ರಸ್ತೆಯಲ್ಲಿ ಎರಡು ಮೀಟರ್ ಅಗಲದ ಸೈಕಲ್ ಹಾದಿಯನ್ನು ಈಗಲೇ ಕೇಳಬೇಕು, ಡಾಂಬರು ಬಿದ್ದ ಮೇಲಲ್ಲ. ಕೇಳುವ ಬಾಯಿಗೆ ಬೆಲೆ ಬರಬೇಕಾದರೆ ಆ ಬಾಯಿಯ ಎರಡು ಬದಿಯ ಕಿವಿಗಳೂ ತೆರೆದಿರಬೇಕು. ರಸ್ತೆಯಲ್ಲಿ ಯಾರ ಮಾತನ್ನೂ ಕೇಳಿಸಿಕೊಳ್ಳದವರ ಮನವಿಯನ್ನು ಕಚೇರಿಯಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಆರು ಗಂಟೆಯ ಹೊತ್ತಿಗೆ ಅಲ್ವಾಲ್ ಕಡೆಯಿಂದ ಬಸ್ಸುಗಳು ತುಂಬಿ ಬರತೊಡಗುತ್ತವೆ. ಕಾವಲುಗಾರ ಒಂದು ಕಾಲನ್ನು ನೆಲಕ್ಕೂರಿ ಜೇಬಿನ ಫೋನನ್ನು ಬಂದ್ ಮಾಡುತ್ತಾನೆ, ಹಿಂದೊಮ್ಮೆ ತಿರುಗಿ ನೋಡುತ್ತಾನೆ, ಗಂಟೆ ಬಾರಿಸಿ ರಸ್ತೆ ದಾಟುತ್ತಾನೆ. ಹಾಡಿನ ಉಳಿದ ಚರಣವನ್ನು ಗಲ್ಲಿಯೊಳಗೆ ಅವನೇ ಗುನುಗಿಕೊಂಡು ಹೋಗುತ್ತಾನೆ.